ಓದದೆ ಬಿಟ್ಟ ಗೋಡೆ, ಕೇಳದೆ ಉಂಡ ಊಟ

ಪುಷ್ಯಮಾಸದ ಚಳಿ ಹಿಡಿಯುತ್ತಿದ್ದಂತೆ ಪದವಿ ಕಾಲೇಜುಗಳ ಕನ್ನಡ ವಿಭಾಗಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹಂಪೆ, ಬೇಲೂರು, ಬಾದಾಮಿಗಳು ಹಿಂದಿನ ವರ್ಷಗಳಲ್ಲಿ ಮುಗಿದಿರುತ್ತವೆ. ಎರಡು ಮೂರು ದಿನಗಳ ಪ್ರವಾಸಕ್ಕೆ ವಿದ್ಯಾರ್ಥಿಗಳ ಬಳಿ ಹಣವಿರುವುದಿಲ್ಲ, ಪರೀಕ್ಷೆಯ ವೇಳಾಪಟ್ಟಿಯೂ ಬಿಡುವು ಕೊಡುವುದಿಲ್ಲ. ಆಗ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಸೀಮೆಯೊಂದನ್ನು ಹುಡುಕಲಾಗುತ್ತದೆ. ಕರ್ನಾಟಕದ ಪೂರ್ವದ ಗಡಿಗೆ ಹತ್ತಿರವಿರುವ ಕಾಲೇಜುಗಳಿಗೆ ಅಂಥ ಸೀಮೆ ಆಂಧ್ರಪ್ರದೇಶದ ಹಿಂದೂಪುರ ಮತ್ತು ಕಲ್ಯಾಣದುರ್ಗ. ಬಸ್ಸು, ಊಟ, ಮಾರ್ಗದರ್ಶಿ ಎಲ್ಲವನ್ನೂ ಒಟ್ಟಿಗೆ ಒದಗಿಸುವ ಪ್ರವಾಸದ ಏಜೆಂಟರು ಈಗ ಸಣ್ಣ ಊರುಗಳಲ್ಲಿಯೂ ಇದ್ದಾರೆ. ತಲೆಗೆ ಇಷ್ಟು ಎಂದು ಕೊಟ್ಟರೆ ಮಿಕ್ಕುದೆಲ್ಲ ಅವರ ಹೊಣೆ.

ಅಂಥ ಒಂದು ಬಸ್ಸಿನ ಒಂದು ದಿನವನ್ನು ಹಿಂಬಾಲಿಸಿದರೆ ಐಚ್ಛಿಕ ಕನ್ನಡದ ಇಂದಿನ ಸ್ಥಿತಿಯ ಬಗೆಗೂ ಕೆಲವು ಸಂಗತಿಗಳು ತಿಳಿಯುತ್ತವೆ. ನಲವತ್ತು ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು. ನಸುಕಿನ ಮಂಜಿನಲ್ಲಿ ಹೊರಟ ಬಸ್ಸಿನ ಮುಂಭಾಗದಲ್ಲಿ ಒಂದು ಮುದ್ರಿತ ಹಾಳೆ ಅಂಟಿಸಲಾಗಿತ್ತು: ಲೇಪಾಕ್ಷಿ ದೇವಾಲಯ ಒಂದು ಗಂಟೆ, ನಂದಿ ಹದಿನೈದು ನಿಮಿಷ, ಹಿಂದೂಪುರದಲ್ಲಿ ಊಟ, ಸಂಜೆ ಕಲ್ಯಾಣದುರ್ಗದಲ್ಲಿ ತಿಂಡಿ, ರಾತ್ರಿ ಮರಳಿ ಊರು. ನೋಡಬೇಕಾದುದು, ತಿನ್ನಬೇಕಾದುದು, ನಿಲ್ಲಬೇಕಾದ ಹೊತ್ತು ಎಲ್ಲವೂ ಮೊದಲೇ ತೀರ್ಮಾನವಾಗಿದ್ದವು.

ಲೇಪಾಕ್ಷಿಯಲ್ಲಿ ಮಾರ್ಗದರ್ಶಿ ಕಾದಿದ್ದರು. ಹದಿನಾರನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯವದು. ತೂಗುವ ಕಂಬದ ಕೆಳಗೆ ಬಟ್ಟೆ ಹಾಯಿಸಿದ್ದಾಯಿತು. ಛತ್ತಿನ ವರ್ಣಚಿತ್ರಗಳ ಕೆಳಗೆ ಕತ್ತೆತ್ತಿ ನಿಂತದ್ದಾಯಿತು. ಅರ್ಧಕ್ಕೆ ನಿಂತ ಕಲ್ಯಾಣಮಂಟಪವನ್ನೂ, ಗೋಡೆಯ ಮೇಲಿನ ಕೆಂಪು ಕಲೆಗಳನ್ನೂ ತೋರಿಸಿ, ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಎಸೆದ ಕಥೆಯನ್ನು ಮಾರ್ಗದರ್ಶಿ ಹೇಳಿದರು. ಊರಿನ ಹೆಸರಿನ ಕಥೆಯನ್ನೂ ಹೇಳಿದರು: ರೆಕ್ಕೆ ಕತ್ತರಿಸಿ ಬಿದ್ದಿದ್ದ ಜಟಾಯುವನ್ನು ಕಂಡು ಶ್ರೀರಾಮನು ‘ಲೇ ಪಕ್ಷಿ’ ಎಂದನಂತೆ. ಹಿಂದಿನ ಸಾಲಿನಲ್ಲಿದ್ದ ಹುಡುಗರು ಗೊಳ್ಳೆಂದು ನಕ್ಕರು. ಶ್ರೀರಾಮನು ಜಟಾಯುವನ್ನು ‘ಲೇ’ ಎಂದು ಕರೆದುದು ಅವರಿಗೆ ಸೋಜಿಗವಾಗಿತ್ತು. ತೆಲುಗಿನಲ್ಲಿ ‘ಲೇ’ ಎಂದರೆ ‘ಏಳು’ ಎಂದು ಯಾರೂ ಅವರಿಗೆ ಹೇಳಲಿಲ್ಲ. ಕರುಣೆಯ ಒಂದು ಮಾತು ಗಡಿ ದಾಟುವಾಗ ಬೈಗುಳವಾಗಿ ಕೇಳಿಸಿತು. ಜನಪದ ನಿರುಕ್ತಿಯನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದು ನಗೆಯೊಂದಿಗೆ ಮುಗಿದುಹೋಯಿತು.

ಪ್ರಾಕಾರದ ಗೋಡೆಯ ಬಳಿ ಬಂದಾಗ ಮಾರ್ಗದರ್ಶಿ ಕೈಬೀಸಿ, “ಇವೆಲ್ಲ ಹಳೆಗನ್ನಡದ ಅಕ್ಷರ. ಈಗ ಯಾರಿಗೂ ಓದೋಕೆ ಬರಲ್ಲ. ಬನ್ನಿ, ನಂದಿ ಹತ್ರ ಹೋಗೋಣ” ಎಂದರು. ಐಚ್ಛಿಕ ಕನ್ನಡದ ನಲವತ್ತು ವಿದ್ಯಾರ್ಥಿಗಳು ಆ ಗೋಡೆಗೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬ ಹುಡುಗಿ ಮಾತ್ರ ಒಂದು ಸಾಲಿನ ಮೇಲೆ ಬೆರಳಿಟ್ಟು ಎರಡು ಮೂರು ಅಕ್ಷರಗಳನ್ನು ಕೂಡಿಸುವಷ್ಟರಲ್ಲಿ ಹೊರಡುವ ಸೀಟಿ ಕೇಳಿಸಿತು.

ಆ ಗೋಡೆಯ ಮೇಲೆ ಇರುವುದು ದೇವಾಲಯಕ್ಕೆ ಬಿಟ್ಟ ದಾನಗಳನ್ನು ಹೇಳುವ ಕನ್ನಡ ಶಾಸನಗಳು. ಅವುಗಳ ಭಾಷೆ ಹಳೆಗನ್ನಡವಲ್ಲ. ವಿಜಯನಗರ ಕಾಲದ ಬಳಕೆಯ ಕನ್ನಡ, ಇಂದಿನ ಓದುಗನಿಗೆ ಪಂಪನ ಕಾವ್ಯಕ್ಕಿಂತ ಬಹಳ ಹತ್ತಿರದ್ದು. ಲಿಪಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಕಾಲಕ್ಕೆ ಕನ್ನಡ ಮತ್ತು ತೆಲುಗು ಬರಹಗಳು ಹೆಚ್ಚು ಕಡಿಮೆ ಒಂದೇ ರೂಪದಲ್ಲಿದ್ದವು. ಇಂದು ಕಾಣುವ ಎರಡು ಬೇರೆ ಲಿಪಿಗಳ ಗೆರೆ ಗಟ್ಟಿಯಾದುದು ಮುದ್ರಣದ ಕಾಲದಲ್ಲಿ. ಆದ್ದರಿಂದ ಅಕ್ಷರದ ಆಕಾರವನ್ನು ನೋಡಿ ಅದು ಯಾವ ಭಾಷೆಯ ಶಾಸನ ಎಂದು ಹೇಳಲಾಗುವುದಿಲ್ಲ. ಪದಗಳನ್ನು ಓದಿಯೇ ಹೇಳಬೇಕು. ಮಾರ್ಗದರ್ಶಿ ‘ಯಾರಿಗೂ ಬರಲ್ಲ’ ಎಂದುದರಲ್ಲಿ ಅವರ ತಪ್ಪೇನೂ ಇಲ್ಲ. ಓದಬಲ್ಲವರು ತಮ್ಮ ಎದುರಿಗೇ ನಿಂತಿರಬಹುದೆಂದು ಊಹಿಸಲು ಅವರಿಗೆ ಯಾವ ಕಾರಣವೂ ಇರಲಿಲ್ಲ. ವರ್ಷವರ್ಷವೂ ಬಂದ ಕನ್ನಡ ವಿದ್ಯಾರ್ಥಿಗಳು ಅವರಿಗೆ ಅಂಥ ಕಾರಣವನ್ನು ಒದಗಿಸಿರಲಿಕ್ಕಿಲ್ಲ.

ಮಧ್ಯಾಹ್ನ ಹಿಂದೂಪುರ. ಮರಾಠಾ ಸರದಾರ ಮುರಾರಿರಾವ್ ಘೋರ್ಪಡೆ ತನ್ನ ತಂದೆ ಹಿಂದೂರಾವನ ಹೆಸರಿನಲ್ಲಿ ಕಟ್ಟಿದ ಊರೆಂದು ಹೇಳುವುದುಂಟು. ಬೆಲ್ಲ, ಹುಣಸೆ, ಮೆಣಸಿನಕಾಯಿಗಳ ಮಂಡಿಗೆ ಹೆಸರಾದ ಪೇಟೆ. ಬೀದಿಯಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಇಂಥ ಊರಿನಲ್ಲಿ ವಿದ್ಯಾರ್ಥಿಗಳು ಏಜೆಂಟರಿಗೆ ಮೊದಲೇ ಹೇಳಿ ಮಾಡಿಸಿದ್ದ ಊಟ ಫ್ರೈಡ್ ರೈಸ್ ಮತ್ತು ಗೋಬಿ ಮಂಚೂರಿ. ಅದನ್ನು ಅವರು ತಮ್ಮ ಕಾಲೇಜಿನ ಎದುರಿನ ಗಾಡಿಯಲ್ಲಿಯೇ ತಿನ್ನಬಹುದಾಗಿತ್ತು. ಅದೇ ಮೆಸ್ಸಿನ ಇನ್ನೊಂದು ಮೂಲೆಯಲ್ಲಿ ಮಂಡಿಯಿಂದ ಬಂದ ಹಮಾಲರು ರಾಗಿ ಸಂಗಟಿ ಮುರಿದು ಬಿಸಿ ಸಾರಿನಲ್ಲಿ ಅದ್ದಿ ಉಣ್ಣುತ್ತಿದ್ದರು. ಅವರೆಕಾಯಿಯ ಸೊಗಡು ಕೋಣೆಯನ್ನೆಲ್ಲ ತುಂಬಿತ್ತು. ಗೋಡೆಯ ಮೇಲೆ ಬೆರಳಿಟ್ಟ ಹುಡುಗಿಯೇ ಬಡಿಸುತ್ತಿದ್ದ ಹೆಂಗಸನ್ನು ಕೇಳಿದಳು:

“ಅಮ್ಮಾ, ಅದೇನು ಸಾರು?”

“ಪಿತಿಕಿನ ಪಪ್ಪು ಕಣಮ್ಮಾ. ಅವರೆಕಾಳು ನೆನೆಹಾಕಿ, ಹಿದುಕಿ ಮಾಡೋದು. ನಿಮ್ಮ ಕಡೆ ಹಿದುಕಿದ ಬೇಳೆ ಅಂತೀರಲ್ಲ, ಅದೇ. ಒಂದು ತುತ್ತು ಹಾಕ್ಲಾ?”

ಆ ಒಂದು ವಾಕ್ಯದಲ್ಲಿ ಆ ತಾಯಿ ಒಂದು ತಿಂಗಳ ಭಾಷಾವಿಜ್ಞಾನದ ಪಾಠವನ್ನು ಬಡಿಸಿದರು. ‘ಪಿತುಕು’ ಮತ್ತು ‘ಹಿದುಕು’ ಒಂದೇ ಮೂಲದ ಪದಗಳು. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾದುದನ್ನು ಪ್ರತಿ ವಿದ್ಯಾರ್ಥಿಯೂ ಪರೀಕ್ಷೆಗೆ ಬರೆಯುತ್ತಾನೆ. ಹದಿಮೂರನೆಯ ಶತಮಾನದ ಕೇಶಿರಾಜನೂ ‘ಶಬ್ದಮಣಿದರ್ಪಣ’ದಲ್ಲಿ ಈ ಬದಲಾವಣೆಯನ್ನು ಗುರುತಿಸಿದ್ದಾನೆ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು ಎಂದು ಉದಾಹರಣೆಗಳ ಪಟ್ಟಿಯನ್ನು ಬಾಯಿಪಾಠ ಮಾಡಲಾಗುತ್ತದೆ. ತೆಲುಗು ಆ ದಾರಿಯಲ್ಲಿ ಹೋಗಲಿಲ್ಲ. ಅದು ಇಂದಿಗೂ ‘ಪಾಲು’, ‘ಪುಲಿ’, ‘ಪೂವು’ ಎನ್ನುತ್ತದೆ. ಕನ್ನಡದ ಹುಳಿಗೂ ತೆಲುಗಿನ ಪುಲುಸಿಗೂ ಇದೇ ನಂಟು. ಕನ್ನಡವು ಸಾವಿರ ವರ್ಷಗಳ ಹಿಂದೆ ಬಿಟ್ಟುಬಂದ ಧ್ವನಿಯೊಂದು ಹಿಂದೂಪುರದ ಮೆಸ್ಸಿನಲ್ಲಿ ಬಿಸಿಬಿಸಿಯಾಗಿ ಬಡಿಸಲ್ಪಡುತ್ತಿದೆ. ಪಟ್ಟಿಯನ್ನು ಬಾಯಿಪಾಠ ಮಾಡಿದ ಮೂವತ್ತೊಂಬತ್ತು ಮಂದಿ ಪಕ್ಕದ ಮೇಜಿನಲ್ಲಿ ಮಂಚೂರಿ ತಿನ್ನುತ್ತಿದ್ದರು.

ರಾಗಿಯ ವಿಷಯವೂ ಹಾಗೆಯೇ. ಕನಕದಾಸರ ‘ರಾಮಧಾನ್ಯ ಚರಿತೆ’ ಬಹುತೇಕ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತ. ನರೆದಲೆಗನೆಂಬ ರಾಗಿಗೂ ವ್ರಿಹಿಯೆಂಬ ಭತ್ತಕ್ಕೂ ಮೇಲು ಯಾರೆಂದು ವಾದವಾಗಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಗೆ ತನ್ನ ಹೆಸರನ್ನು ಕೊಟ್ಟ ಕಥೆ. ಬಡವನ ಧಾನ್ಯದ ಪರವಾಗಿ ಕನ್ನಡ ಕಾವ್ಯ ಎತ್ತಿದ ದನಿ ಎಂದು ತರಗತಿಯಲ್ಲಿ ಅದನ್ನು ಕೊಂಡಾಡಲಾಗುತ್ತದೆ, ಹತ್ತು ಅಂಕದ ಉತ್ತರವನ್ನೂ ಬರೆಯಲಾಗುತ್ತದೆ. ಲೇಪಾಕ್ಷಿಯ ಗುಡಿ ಎದ್ದ ಶತಮಾನವೂ ಕನಕದಾಸರ ಶತಮಾನವೂ ಒಂದೇ. ಗುಡಿಯನ್ನು ಕಂಡು ಬಂದ ಆ ಮಧ್ಯಾಹ್ನ ಕಣ್ಣೆದುರಿಗೇ ನರೆದಲೆಗನಿದ್ದರೂ ಅವನನ್ನು ಕೇಳಿದವರು ಒಬ್ಬಳೇ. ಕೇಳಿದ್ದರೆ ಇನ್ನೊಂದು ಸಂಗತಿಯೂ ತಿಳಿಯುತ್ತಿತ್ತು. ಹಳೆ ಮೈಸೂರಿನ ಮುದ್ದೆ ಸಾಮಾನ್ಯವಾಗಿ ಬರಿಯ ರಾಗಿಹಿಟ್ಟಿನದು. ರಾಯಲಸೀಮೆಯ ಸಂಗಟಿಯಲ್ಲಿ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಅದೇ ಪಾತ್ರೆಗೆ ರಾಗಿಹಿಟ್ಟು ಸುರಿದು ತೊಳಸುತ್ತಾರೆ. ಕಾವ್ಯದಲ್ಲಿ ಜಗಳವಾಡಿದ ಎರಡು ಧಾನ್ಯಗಳು ಅಲ್ಲಿ ಒಂದೇ ಪಾತ್ರೆಯಲ್ಲಿ ಬೇಯುತ್ತವೆ.

ಊಟದ ನಂತರ ಬಸ್ಸು ಪಾವಗಡದ ಮೂಲಕ ಕಲ್ಯಾಣದುರ್ಗಕ್ಕೆ ಸಾಗಿತು. ಹಿಂದೂಪುರ ಆಂಧ್ರದ್ದು, ಪಾವಗಡ ಕರ್ನಾಟಕದ ತುಮಕೂರು ಜಿಲ್ಲೆಯದು, ಕಲ್ಯಾಣದುರ್ಗ ಮತ್ತೆ ಆಂಧ್ರದ್ದು. ಒಂದು ಮಧ್ಯಾಹ್ನದ ಪ್ರಯಾಣದಲ್ಲಿ ರಾಜ್ಯದ ಗಡಿ ಎರಡು ಸಲ ಬಂದು ಹೋಯಿತು. ನಿದ್ದೆ ಹೋಗಿದ್ದ ವಿದ್ಯಾರ್ಥಿಗಳಿಗೆ ತಿಳಿಯಲಿಲ್ಲ, ಎಚ್ಚರವಿದ್ದವರಿಗೂ ಹೊಲಗಳನ್ನು ನೋಡಿ ತಿಳಿಯುವಂತಿರಲಿಲ್ಲ. ಅನಂತಪುರ ಜಿಲ್ಲೆ ಬಳ್ಳಾರಿ ಜಿಲ್ಲೆಯಿಂದ ಬೇರೆಯಾದುದು ೧೮೮೨ರಲ್ಲಿ. ಆಂಧ್ರ ರಾಜ್ಯ ರಚನೆಯಾದುದು ೧೯೫೩ರ ಅಕ್ಟೋಬರ್ ೧ರಂದು. ಹಿಂದೂಪುರವನ್ನು ಒಳಗೊಂಡ ಶ್ರೀ ಸತ್ಯಸಾಯಿ ಜಿಲ್ಲೆ ೨೦೨೨ರದು. ಗೆರೆಗಳು ಬದಲಾಗುತ್ತಲೇ ಬಂದಿವೆ. ಗೆರೆಯ ಎರಡೂ ಬದಿಯ ಅಡುಗೆಮನೆಗಳು ಅಷ್ಟು ಬೇಗ ಬದಲಾಗಿಲ್ಲ.

ಕಲ್ಯಾಣದುರ್ಗಕ್ಕೆ ಸಮೀಪದ ಕಂಬದೂರು ಸೀಮೆಯಲ್ಲಿ ರಾಳ್ಳಪಲ್ಲಿ ಎಂಬ ಹಳ್ಳಿಯಿದೆ. ೧೮೯೩ರಲ್ಲಿ ಅಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗನ್ನು ಬೋಧಿಸಿದರು, ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳನ್ನು ಸಂಪಾದಿಸಿ ಅವಕ್ಕೆ ಸ್ವರ ಹಾಕಿದರು, ಕನ್ನಡದಲ್ಲಿ ‘ಗಾನಕಲೆ’ ಮತ್ತು ‘ಸಾಹಿತ್ಯ ಮತ್ತು ಜೀವನಕಲೆ’ ಎಂಬ ಪುಸ್ತಕಗಳನ್ನು ಬರೆದರು. ಒಬ್ಬ ವ್ಯಕ್ತಿ ಎರಡು ಭಾಷೆಗಳಿಗೂ ಸಲ್ಲಬಹುದು ಎಂಬುದಕ್ಕೆ ಆ ಸೀಮೆಯೇ ಕೊಟ್ಟ ಸಾಕ್ಷಿ ಅವರು. ಬಸ್ಸಿನ ಹಾಳೆಯಲ್ಲಿ ಆ ಹೆಸರಿರಲಿಲ್ಲ. ಬಸ್ಸಿನೊಳಗೆ ಯಾರೂ ಆ ಹೆಸರನ್ನು ಎತ್ತಲಿಲ್ಲ. ಕಲ್ಯಾಣದುರ್ಗದಲ್ಲಿ ಎಲ್ಲರೂ ಇಳಿದು ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದರು; ಬಳ್ಳಾರಿ ಕಡೆಯ ಒಬ್ಬ ಹುಡುಗ “ಇದು ನಮ್ಮ ಮಂಡಕ್ಕಿ ಒಗ್ಗರಣೆ ಅಲ್ವೇನ್ರೋ!” ಎಂದು ಬೆರಗಾದ. ರಾತ್ರಿ ಬಸ್ಸು ಊರು ಸೇರಿತು. ವಾರದ ನಂತರ ಬಂದ ನಲವತ್ತು ಪ್ರವಾಸ ವರದಿಗಳಲ್ಲಿ ಹೆಚ್ಚಿನವುಗಳ ವಾಕ್ಯಗಳು ಒಂದೇ ಆಗಿದ್ದವು. ನಂದಿ ಇಪ್ಪತ್ತೇಳು ಅಡಿ ಉದ್ದ, ಹದಿನೈದು ಅಡಿ ಎತ್ತರ, ಕಂಬ ನೆಲಕ್ಕೆ ತಾಗುವುದಿಲ್ಲ, ಪ್ರವಾಸ ಅವಿಸ್ಮರಣೀಯ. ಎಲ್ಲವೂ ಮೊಬೈಲಿನಿಂದ ಇಳಿದುಬಂದ ಮಾತುಗಳು. ಅವನ್ನು ಬರೆಯಲು ಲೇಪಾಕ್ಷಿಗೆ ಹೋಗಬೇಕಾಗಿರಲಿಲ್ಲ.

ಇದಕ್ಕೆ ಸಹಜವಾಗಿ ಒಂದು ಆಕ್ಷೇಪವಿದೆ. ವರ್ಷಕ್ಕೊಂದು ದಿನ ಮಕ್ಕಳು ನಕ್ಕು ನಲಿದು ಬರಲಿ. ಆ ದಿನವನ್ನೂ ಪಾಠ ಮಾಡಬೇಕೆ? ಹೊಲದಲ್ಲಿ ದುಡಿದು ಓದುವ, ಸ್ವಂತ ಖರ್ಚಿನಲ್ಲಿ ಒಂದು ಹೊಸ ಊರನ್ನೂ ಕಂಡಿರದ ವಿದ್ಯಾರ್ಥಿಗೆ ಒಂದು ದಿನದ ಬಿಡುಗಡೆ ದೊಡ್ಡದು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಆ ದಿನ ಎಲ್ಲರಿಗಿಂತ ಹೆಚ್ಚು ಸುಖಪಟ್ಟವರು ಯಾರು? ಒಂದು ತುತ್ತು ಹಾಕಿಸಿಕೊಂಡು ಉಂಡ ಹುಡುಗಿ, ಒಗ್ಗರಣೆಯನ್ನು ಗುರುತಿಸಿದ ಹುಡುಗ. ಗುರುತು ಹಿಡಿಯುವುದೇ ಒಂದು ಸುಖ. ತಿಳಿವಳಿಕೆ ಸಂತೋಷವನ್ನು ಕೆಡಿಸುತ್ತದೆ ಎಂಬುದು, ಪಾಠವನ್ನು ಶಿಕ್ಷೆಯಾಗಿ ಕಂಡವರ ಮಾತು.

ಎಲ್ಲವೂ ಮೊದಲೇ ಗೊತ್ತಾದ ಮಾರ್ಗದರ್ಶಿತ ಪ್ರವಾಸಕ್ಕೆ ಜಪಾನ್ ಹೆಸರಾದ ದೇಶ. ಚಳಿಗಾಲದಲ್ಲಿ ಅಲ್ಲಿಯ ಬಸ್ಸುಗಳು ಬಾವುಟ ಹಿಡಿದ ಮಾರ್ಗದರ್ಶಿಯ ಹಿಂದೆ ಜನರನ್ನು ನಿಮಿಷದ ಲೆಕ್ಕದಲ್ಲಿ ಊರಿಂದೂರಿಗೆ ಒಯ್ಯುತ್ತವೆ. ಆದರೂ ಅಲ್ಲಿ ಊರಿಗೂ ಊಟಕ್ಕೂ ನಡುವಿನ ಕೊಂಡಿ ಕಳಚಿಲ್ಲ. ಪ್ರತಿ ಊರಿಗೂ ಅದರದೇ ಹೆಸರಾದ ತಿನಿಸೊಂದು ಇರಬೇಕೆಂಬುದು ಅಲ್ಲಿಯ ಹಳೆಯ ನಡೆ. ಅದನ್ನು ‘ಮೈಬುತ್ಸು’ ಎನ್ನುತ್ತಾರೆ. ಎದೊ ಮತ್ತು ಕ್ಯೋತೊ ನಗರಗಳ ನಡುವಿನ ತೊಕಾಯ್ದೊ ಹೆದ್ದಾರಿಯಲ್ಲಿ ೫೩ ತಂಗುದಾಣಗಳಿದ್ದವು. ಅವುಗಳಲ್ಲಿ ಮರಿಕೊ ಎಂಬ ಸಣ್ಣ ಊರು ಗೆಣಸಿನ ಜಾತಿಯ ಗಡ್ಡೆಯನ್ನು ತುರಿದು ಮಾಡುವ ಒಂದು ಸಾರಿಗೆ ಹೆಸರಾಯಿತು. ಹದಿನೇಳನೆಯ ಶತಮಾನದ ಕವಿ ಬಾಶೊ ತನ್ನ ಹಾಯ್ಕು ಒಂದರಲ್ಲಿ ಆ ಸಾರನ್ನು ಹೆಸರಿಸಿದ. ೧೮೩೦ರ ದಶಕದಲ್ಲಿ ಚಿತ್ರಕಾರ ಹಿರೊಶಿಗೆ ಅದೇ ಊರಿನ ತಿಂಡಿಯಂಗಡಿಯನ್ನು ಚಿತ್ರಿಸಿದ. ಇಂದಿಗೂ ಪ್ರವಾಸಿಗಳು ಅಲ್ಲಿ ಇಳಿದು ಆ ಸಾರನ್ನು ಉಣ್ಣುತ್ತಾರೆ. ಉಣ್ಣುವಾಗ ಕವಿತೆಯನ್ನೂ ನೆನೆಯುತ್ತಾರೆ. ಒಂದು ಬಟ್ಟಲು ಸಾರನ್ನು ಮುನ್ನೂರು ವರ್ಷಗಳಿಗೂ ಮಿಕ್ಕಿ ಆ ಊರಿಗೆ ಕಟ್ಟಿಹಾಕಿರುವುದರಲ್ಲಿ ಮೂರು ಸಾಲಿನ ಒಂದು ಪದ್ಯದ ಪಾಲೂ ಇದೆ.

ಕನ್ನಡ, ತೆಲುಗುಗಳಲ್ಲಿ ಇಂಥ ಪದ್ಯಗಳಿಗೆ ಬಡತನವಿಲ್ಲ. ಸುಮಾರು ೧೦೨೫ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ಅಧ್ಯಾಯವೇ ಇದೆ. ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಕೃಷ್ಣದೇವರಾಯನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದಲ್ಲಿ ವಿಷ್ಣುಚಿತ್ತನು ಮಳೆ, ಚಳಿ, ಬೇಸಿಗೆಗಳಿಗೆ ತಕ್ಕಂತೆ ಅತಿಥಿಗಳಿಗೆ ಏನೇನು ಬಡಿಸಿದನೆಂಬ ವರ್ಣನೆಯಿದೆ. ಕಾವ್ಯವಿದೆ, ಊರಿದೆ, ಊಟವೂ ಇದೆ. ಮೂರನ್ನೂ ಒಂದೇ ದಿನ ಒಂದೇ ಮೇಜಿಗೆ ತರುವ ಓದುಗ ಮಾತ್ರ ಇಲ್ಲ. ಆ ಓದುಗನನ್ನು ಸಿದ್ಧಮಾಡುವುದೇ ಐಚ್ಛಿಕ ಕನ್ನಡದ ಕೆಲಸ. ಅದನ್ನು ಮಾಡದಿದ್ದರೆ ಈ ವಿಷಯವನ್ನು ಆರಿಸಿಕೊಳ್ಳುವವರು ವರ್ಷದಿಂದ ವರ್ಷಕ್ಕೆ ಏಕೆ ಕಡಿಮೆಯಾಗುತ್ತಿದ್ದಾರೆ ಎಂದು ಕೇಳುವ ಹಕ್ಕೂ ಉಳಿಯುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಗೋಡೆಯ ಮೇಲೆ ಕನ್ನಡವನ್ನು ಕಂಡ ಕೂಡಲೇ ‘ಇದು ನಮ್ಮದು’ ಎಂದು ಕೂಗುವ ಚಪಲ. ಶಾಸನವನ್ನು ಓದುವುದು ಬೇರೆ, ಬಾವುಟ ನೆಡುವುದು ಬೇರೆ. ಹೋಳಿಗೆ ಯಾರದು ಎಂದು ಕೇಳಿದರೆ ಮರಾಠಿಯವರು ಪುರಣಪೋಳಿ ಎನ್ನುತ್ತಾರೆ, ರಾಯಲಸೀಮೆಯವರು ಓಳಿಗ ಎನ್ನುತ್ತಾರೆ, ಅದು ಉಣ್ಣುವವರೆಲ್ಲರದು. ಶೇಂಗಾ ಎಂಬ ಮಾತು ಮರಾಠಿಯ ಕೋಡಿನಿಂದ ಉತ್ತರ ಕರ್ನಾಟಕದ ಬಾಯಿಗೆ ಬಂದಿತು. ಆ ಕಾಯಿಯಾದರೋ ದಕ್ಷಿಣ ಅಮೆರಿಕದಿಂದ ಬಂದು ಅನಂತಪುರದ ಕೆಂಪು ಹೊಲಗಳಲ್ಲಿ ನೆಲೆಗೊಂಡಿತು. ಎರಡನೆಯದು, ಊಟವನ್ನೇ ಪ್ರದರ್ಶನಕ್ಕಿಡುವ ಚಪಲ. ಮಹಾರಾಷ್ಟ್ರದಲ್ಲಿ ಚಳಿಗಾಲದ ಎಳೆಜೋಳವನ್ನು ಕೆಂಡದಲ್ಲಿ ಸುಟ್ಟು ನೆರೆಹೊರೆಯವರೊಂದಿಗೆ ತಿನ್ನುತ್ತಿದ್ದ ಹುರಡಾ, ಉತ್ತರ ಕರ್ನಾಟಕದವರ ಸೀತನಿ, ಈಗ ಟಿಕೇಟು ಕೊಟ್ಟು ಪಡೆಯುವ ‘ಹುರಡಾ ಪಾರ್ಟಿ’ಯಾಗಿದೆ. ರೈತನಿಗೆ ಅದರಿಂದ ನಾಲ್ಕು ಕಾಸು ಬಂದರೆ ಸಂತೋಷವೇ. ಆದರೆ ಹೊಲದ ಒಡೆಯ ಯಾರು, ಅವನ ಮಾತು ಯಾವುದು, ಆ ವರ್ಷದ ಮಳೆ ಹೇಗಿತ್ತು ಎಂದು ಕೇಳದೆ ತಿಂದು ಬಂದರೆ ಅದು ಗೋಬಿ ಮಂಚೂರಿಗಿಂತ ಹೆಚ್ಚಿನದೇನೂ ಅಲ್ಲ.

ಹಾಗಾದರೆ ಆಗಬೇಕಾದುದೇನು? ದೊಡ್ಡ ಯೋಜನೆಯೇನೂ ಬೇಕಿಲ್ಲ. ಹೊರಡುವ ಮೊದಲು ಎರಡು ವಾರ ಗ್ರಂಥಾಲಯದಲ್ಲಿ ಮುದ್ರಿತ ಶಾಸನಪಾಠಗಳನ್ನು ಇಟ್ಟುಕೊಂಡು ವಿಜಯನಗರ ಕಾಲದ ಅಕ್ಷರಗಳನ್ನು ಗುರುತಿಸುವ ಅಭ್ಯಾಸ ನಡೆಯಲಿ. ಗೋಡೆಯ ಮುಂದೆ ಪ್ರತಿ ವಿದ್ಯಾರ್ಥಿಯೂ ಒಂದೇ ಒಂದು ಸಾಲನ್ನು ಓದಲು ಯತ್ನಿಸಲಿ. ಊಟ ಆ ಊರಿನದೇ ಆಗಲಿ. ಎಲೆಯ ಮೇಲಿನ ಒಂದು ಪದಾರ್ಥದ ಹೆಸರನ್ನು ಎರಡು ಭಾಷೆಗಳಲ್ಲಿ ಕೇಳಿ ಬರೆದುಕೊಳ್ಳಲಿ. ಮಾರ್ಗದರ್ಶಿಯ ಕಥೆಯನ್ನು ಸುಳ್ಳೆಂದು ತಳ್ಳದೆ, ಅವರ ಒಪ್ಪಿಗೆ ಪಡೆದು, ಅವರ ಮಾತಿನಲ್ಲಿಯೇ ದಾಖಲಿಸಲಿ. ‘ಲೇ ಪಕ್ಷಿ’ ಎಂದು ಹೇಳುವವರು ಇಲ್ಲವಾದರೆ ಜಾನಪದದ ಪತ್ರಿಕೆಗೆ ಉದಾಹರಣೆಗಳೂ ಇಲ್ಲವಾಗುತ್ತವೆ. ನೋಡುವ ಜಾಗಗಳು ಕಡಿಮೆಯಾಗಲಿ. ಮಡಕಶಿರಾ ಕಡೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ಅಲ್ಲಿಯ ಕೆಲಸದ ಕಂಬಗಳು ಚೋಳರ ಕಾಲದಲ್ಲಿ ತಮಿಳುನಾಡಿನ ತಿರುವೈಯಾರಿನವರೆಗೂ ಹೋದವು. ಒಂದು ವರ್ಷ ಹೇಮಾವತಿಯೊಂದನ್ನೇ ನೋಡಿ ಬಂದರೂ ದಿನ ಸಾಲುವುದಿಲ್ಲ.

ಲೇಪಾಕ್ಷಿಯ ದೇವಾಲಯ ಮತ್ತು ನಂದಿ ೨೦೨೨ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿವೆ. ಮುಂದೆ ಅಲ್ಲಿಗೆ ಇನ್ನೂ ಹೆಚ್ಚು ಬಸ್ಸುಗಳು, ಇನ್ನೂ ಹೆಚ್ಚು ಹಾಳೆಗಳು ಬರುತ್ತವೆ. ಕಂಬದ ಕೆಳಗೆ ಬಟ್ಟೆ ಹಾಯಿಸುವವರಿಗೆ ಎಂದೂ ಕೊರತೆಯಾಗದು. ಗೋಡೆಯನ್ನು ಓದುವವರು ಮಾತ್ರ ಕನ್ನಡ ವಿಭಾಗಗಳಿಂದಲೇ ಬರಬೇಕು.

ನಲವತ್ತು ವರದಿಗಳಲ್ಲಿ ಒಂದು ಮಾತ್ರ ಬೇರೆಯಾಗಿತ್ತು. ಅದು ಒಂದೂವರೆ ಪುಟದ್ದು. ಅದರಲ್ಲಿ ನಂದಿಯ ಅಳತೆ ಇರಲಿಲ್ಲ. ಗೋಡೆಯ ಮೇಲೆ ಗುರುತಿಸಿದ ಮೂರು ಅಕ್ಷರಗಳನ್ನು ಬರೆದು, ಮುಂದಿನವು ತಿಳಿಯಲಿಲ್ಲ ಎಂದು ಒಪ್ಪಿಕೊಂಡಿತ್ತು. ಕೆಳಗೆ ‘ಪಿತಿಕಿನ ಪಪ್ಪು – ಹಿದುಕಿದ ಬೇಳೆ’ ಎಂದಿತ್ತು. ಅದರ ಮುಂದೆ ಆವರಣದಲ್ಲಿ, ಪ > ಹ. ಆ ವರದಿಗೆ ಹತ್ತಕ್ಕೆ ಎಷ್ಟು ಅಂಕ ಬಂದಿತೋ, ಅದರ ಮೇಲೆ ಆ ವಿಭಾಗದ ಮುಂದಿನ ಪ್ರವಾಸ ನಿಂತಿದೆ.